ಹಳೆಯ ಜರ್ಮನ್ ಕಾರು: ಮುಂಗಡ ಕೊಡುವ ಮುನ್ನ

2012ರ ಬಿಎಂಡಬ್ಲ್ಯು 520ಡಿ ಹೊಸದಾಗಿ ರಸ್ತೆಗಿಳಿಯುವಾಗ 40 ಲಕ್ಷ ರೂಪಾಯಿ ದಾಟುತ್ತಿತ್ತು. ಇಂದು ಅದೇ ಕಾರು ಹೆಚ್ಚುಕಡಿಮೆ ಹೊಸ ಹ್ಯಾಚ್‌ಬ್ಯಾಕ್‌ನ ಬೆಲೆಗೆ ಸಿಗುತ್ತದೆ. ಅದೇ ಕಾಲದ ಮರ್ಸಿಡಿಸ್ ಇ-ಕ್ಲಾಸ್, ಆಡಿ ಎ6 ಕೂಡ ಇದೇ ಹಾದಿ ಹಿಡಿದಿವೆ. ಭಾನುವಾರ ಮಧ್ಯಾಹ್ನ ಮೊಬೈಲಿನಲ್ಲಿ ಫೋಟೊ ನೋಡುತ್ತ ಕೂತವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಬಿಡಿಭಾಗ ಮಾರುವವನ ಲೆಕ್ಕದಲ್ಲಿ ಅದು ಈಗಲೂ 40 ಲಕ್ಷದ ಕಾರೇ.

ಮೊದಲ ಹೆಜ್ಜೆ: ಹಣವನ್ನು ಎರಡು ಗಂಟು ಮಾಡಿ

ಒಂದು ಗಂಟು ಕೊಳ್ಳುವುದಕ್ಕೆ. ಅದರ ಕಾಲುಭಾಗದಷ್ಟು ಇನ್ನೊಂದು ಗಂಟು ಮೊದಲ ವರ್ಷದ ದುರಸ್ತಿಗೆ. ಟೈರು, ಬ್ಯಾಟರಿ, ಇಂಜಿನ್ ಮೌಂಟ್, ಸಸ್ಪೆನ್ಷನ್ ಬುಷ್, ಗೇರ್‌ಬಾಕ್ಸ್ ಆಯಿಲ್ ಇವೆಲ್ಲ ಈ ವಯಸ್ಸಿನ ಕಾರಿನಲ್ಲಿ ಸರದಿಯಲ್ಲಿ ನಿಂತಿರುತ್ತವೆ. ಎರಡನೇ ಗಂಟು ಇಲ್ಲದವರು, ಅಥವಾ ಮನೆಯಲ್ಲಿ ಬೇರೆ ವಾಹನವೇ ಇಲ್ಲದವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಹೊಸ ಹ್ಯಾಚ್‌ಬ್ಯಾಕ್ ನೋಡುವುದು ವಾಸಿ. ಬಿಡಿಭಾಗ ಬರಲಿಲ್ಲವೆಂದು ಈ ಕಾರು ಎರಡು ವಾರ ಗ್ಯಾರೇಜಿನಲ್ಲಿ ಮಲಗುವ ದಿನ ಬಂದೇ ಬರುತ್ತದೆ.

ಎರಡನೆಯದು: ಇಂಜಿನ್ ಯಾವುದೆಂದು ತಿಳಿದುಕೊಳ್ಳಿ

ಬಣ್ಣ, ಸನ್‌ರೂಫ್ ಎಲ್ಲ ಆಮೇಲೆ. ಸುಮಾರು 2014ರವರೆಗಿನ 520ಡಿಯಲ್ಲಿ ಎನ್47 ಎಂಬ ಡೀಸೆಲ್ ಇಂಜಿನ್ ಇರುತ್ತದೆ. ಇದರ ಟೈಮಿಂಗ್ ಚೈನ್, ಅಂದರೆ ಇಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿ, ಸವೆಯುವ ದೂರು ಹಳೆಯದು. ಚೈನ್ ಇಂಜಿನ್ನಿನ ಮುಂದೆ ಇದ್ದಿದ್ದರೆ ಅಷ್ಟು ಕಷ್ಟವಿರಲಿಲ್ಲ. ಅದು ಹಿಂದೆ, ಗೇರ್‌ಬಾಕ್ಸ್ ಕಡೆಗಿದೆ. ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೋ ಇಂಜಿನ್ನನ್ನೋ ಇಳಿಸಲೇಬೇಕು. ಚೈನ್ ತುಂಡಾದರೆ ಇಂಜಿನ್ನೇ ಹೋಯಿತು. ನಂತರ ಬಂದ ಬಿ47 ಇಂಜಿನ್ನಿನ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ.

ಆಡಿ ಎ6ನ 2.0 ಡೀಸೆಲ್‌ನಲ್ಲಿ ಮಲ್ಟಿಟ್ರಾನಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ನಾನು ಕೈ ಹಾಕುವುದಿಲ್ಲ. ಆಡಿಯೇ ಅದನ್ನು ಕೈಬಿಟ್ಟಿದೆ. ಬಿಎಂಡಬ್ಲ್ಯುವಿನ ಎಂಟು ಗೇರಿನ ಝಡ್‌ಎಫ್ ಗೇರ್‌ಬಾಕ್ಸ್ ಗಟ್ಟಿ ವಸ್ತು. ಆದರೆ ಅದರ ಆಯಿಲ್ ಬದಲಿಸಬೇಕಿಲ್ಲ, ಜೀವಮಾನಕ್ಕೆ ಸಾಕು ಎಂದು ಕಾರು ಕಂಪನಿ ಹೇಳುತ್ತಿತ್ತು. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತದೆ. ನಾನು ಮಾಡಿದವರ ಮಾತು ನಂಬುತ್ತೇನೆ. ಬದಲಿಸಿದ ಬಿಲ್ ಇದೆಯೇ ಎಂದು ಮಾರುವವರನ್ನು ಕೇಳಿ ನೋಡಿ. ಉತ್ತರಕ್ಕಿಂತ ಮುಖಭಾವವೇ ಹೆಚ್ಚು ಹೇಳುತ್ತದೆ.

ಮೂರನೆಯದು: ತಣ್ಣಗಿರುವಾಗಲೇ ನೋಡಿ

ಫೋನಿನಲ್ಲೇ ಹೇಳಿಬಿಡಿ: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಕಳೆದ ವರ್ಷ ಗೆಳೆಯನಿಗಾಗಿ ಜಯನಗರದಲ್ಲಿ ಒಂದು 520ಡಿ ನೋಡಲು ಬೆಳಿಗ್ಗೆ ಏಳೂವರೆಗೆ ಹೋಗಿದ್ದೆ. ಕವರ್ ಹೊದ್ದು ನಿಂತಿದ್ದ ಕಾರು. ಕವರ್ ತೆಗೆದು ಬಾನೆಟ್ ಮೇಲೆ ಅಂಗೈ ಇಟ್ಟರೆ ದೋಸೆ ಕಾವಲಿಯ ಬಿಸಿ. "ಹಾಲು ತರಲು ಹೋಗಿದ್ದೆ ಸಾರ್" ಎಂದರು ಮಾಲೀಕರು. ಹಾಲು ತಂದು ಕಾರಿಗೆ ಕವರ್ ಹೊದಿಸುವ ಶಿಸ್ತಿನವರು! ಮರುದಿನ ಹೇಳದೆ ಹೋದೆವು. ತಣ್ಣನೆಯ ಇಂಜಿನ್ ಹೊತ್ತಿಕೊಂಡ ಮೊದಲ ಐದಾರು ಸೆಕೆಂಡು ಡ್ಯಾಶ್‌ಬೋರ್ಡಿನ ಕಡೆಯಿಂದ ಬಾವಿಗೆ ಸರಪಳಿ ಬಿಟ್ಟಂಥ ಗರಗರ ಸದ್ದು ಬಂತು, ಆಮೇಲೆ ನಿಂತಿತು: ಸವೆದ ಟೈಮಿಂಗ್ ಚೈನಿನ ಲಕ್ಷಣ. ಮುಂಗಡದ ಹಣ ಜೇಬಿನಲ್ಲೇ ಉಳಿಯಿತು.

ಓಡಿಸುವಾಗ ಅರ್ಧ ಗಂಟೆಯಾದರೂ ಓಡಿಸಿ. ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ ಟ್ರಾಫಿಕ್‌ನಲ್ಲಿ ತೆವಳುವಾಗ ಜಗ್ಗುತ್ತದೆಯೇ, ಹಂಪ್ ಇಳಿಯುವಾಗ ಮುಂದಿನ ಚಕ್ರದ ಬಳಿ ಕಟಕಟ ಎನ್ನುತ್ತದೆಯೇ ನೋಡಿ. ರೇಡಿಯೊ ಬಂದ್ ಮಾಡಿ. ಮಾರುವವರು ಸಂಗೀತ ಕೇಳಿಸಲು ಬಹಳ ಉತ್ಸಾಹ ತೋರಿದರೆ ಇನ್ನೂ ಬೇಗ ಬಂದ್ ಮಾಡಿ.

ನಾಲ್ಕನೆಯದು: ನೀರಿನ ಗುರುತು

2015ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೀಚೆ ಮುಳುಗಿದ ಬಡಾವಣೆಗಳು ನೆನಪಿರಲಿ. ಮುಳುಗಿದ ಕಾರುಗಳಲ್ಲಿ ಎಲ್ಲವೂ ಗುಜರಿಗೆ ಹೋಗಲಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಮೂಸಿ ನೋಡಿ. ಸೀಟು, ಕಾರ್ಪೆಟ್ ತೊಳೆದವರೂ ಬೆಲ್ಟಿನ ಒಳತುದಿ ತೊಳೆದಿರುವುದಿಲ್ಲ. ಅಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಉಳಿದಿರುತ್ತದೆ. ಡಿಕ್ಕಿಯ ಹಾಸು ಎತ್ತಿ ನೋಡುವುದನ್ನೂ ಮರೆಯಬೇಡಿ. 520ಡಿಯ ಬ್ಯಾಟರಿ ಇರುವುದೇ ಅಲ್ಲಿ. ಅಲ್ಲಿ ತುಕ್ಕು ಕಂಡರೆ ಮುಂದಿನ ಮಾತೇ ಬೇಡ.

ಐದನೆಯದು: ಸ್ಕ್ಯಾನ್

ಕಾರಿನ ಕಂಪ್ಯೂಟರ್‌ಗಳಲ್ಲಿ ದಾಖಲಾದ ದೋಷ ಓದಲು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸ್ಕ್ಯಾನರ್ ಸಾಲದು. ಆಯಾ ಕಂಪನಿಯ ತಂತ್ರಾಂಶ, ಅಂದರೆ ಬಿಎಂಡಬ್ಲ್ಯುವಿಗೆ ಇಸ್ಟಾ, ಮರ್ಸಿಡಿಸ್‌ಗೆ ಝೆಂಟ್ರಿ, ಆಡಿಗೆ ಓಡಿಸ್ ಇರುವ ಗ್ಯಾರೇಜಿಗೆ ಒಯ್ದು ಎಲ್ಲ ಮಾಡ್ಯೂಲ್, ಅಂದರೆ ಒಳಗಿನ ಒಂದೊಂದು ಕಂಪ್ಯೂಟರನ್ನೂ ಓದಿಸಿ. ಮೀಟರ್ ತಿರುಗಿಸಿದ್ದರೆ ಇಲ್ಲಿ ಸಿಕ್ಕಿಬೀಳುವ ಸಾಧ್ಯತೆ ಇದೆ, ಏಕೆಂದರೆ ಓಡಿದ ದೂರ ಮೀಟರಿನಲ್ಲಷ್ಟೇ ದಾಖಲಾಗಿರುವುದಿಲ್ಲ. ಬಿಎಂಡಬ್ಲ್ಯುವಿನಲ್ಲಿ ಕೀಲಿಯೊಳಗೂ ಇರುತ್ತದೆ. ಟೈರಿನ ಬದಿಯ ನಾಲ್ಕಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು.

ಕೊನೆಯದು: ಕಾಗದಪತ್ರ

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿಯ ನಿಷೇಧದ ಆದೇಶ ಬಂದಾಗಿನಿಂದ ಅಲ್ಲಿಂದ ದಕ್ಷಿಣಕ್ಕೆ ಅಗ್ಗದ ಕಾರುಗಳು ಬರುತ್ತಲೇ ಇವೆ. ಅವನ್ನು ಕೊಂಡರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಮತ್ತೆ ನೋಂದಣಿ ಮಾಡಿಸಬೇಕು, ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಬೇಕು. ಇದನ್ನೆಲ್ಲ ಕೂಡಿಸಿದರೆ ಎಷ್ಟೋ ಬಾರಿ ಅಗ್ಗವೆಂಬುದು ಆವಿಯಾಗುತ್ತದೆ. ಕೆಎ ನೋಂದಣಿಯ ಕಾರಾದರೂ ಆರ್‌ಸಿಯ 15 ವರ್ಷದ ಅವಧಿ ಮುಗಿಯಲು ಎಷ್ಟು ಉಳಿದಿದೆ ಎಂದು ಎಣಿಸಿ. ಕಾರಿನ ಮೇಲಿನ ಸಾಲ ತೀರಿದ್ದರೆ ಅದಕ್ಕೆ ಸಾಕ್ಷಿಯಾಗಿ ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೇಳಿ.

ಮುಂಗಡದ ರಸೀದಿಯಲ್ಲಿ "ಸ್ಕ್ಯಾನ್‌ನಲ್ಲಿ ದೋಷ ಕಂಡರೆ ಹಣ ವಾಪಸ್" ಎಂದು ಬರೆಸಿಕೊಳ್ಳಿ. ಎರಡನೇ ಕೀಲಿಯನ್ನು ಅದೇ ದಿನ, ಅದೇ ಕೈಯಿಂದ ಪಡೆಯಿರಿ. "ಊರಿನ ಮನೆಯಲ್ಲಿದೆ, ಕೊರಿಯರ್ ಮಾಡುತ್ತೇನೆ" ಎಂದವರ ಕೀಲಿ ಬಂದದ್ದನ್ನು ನಾನಿನ್ನೂ ಕಂಡಿಲ್ಲ.