ಸಿಲಿಕೋನ್ ಮೂಗು ಬಿಳಿಚಿದ ಮೇಲೆ

ಆ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಸೊಸೆಯ ಜೊತೆ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದರು. ಕ್ಯಾನ್ಸರ್ ಆಪರೇಷನ್‌ನಲ್ಲಿ ಅವರ ಮೂಗು ಹೋಗಿತ್ತು. ಐದು ತಿಂಗಳ ಹಿಂದೆ ನಾನೇ ಸಿಲಿಕೋನ್ ಮೂಗು ಮಾಡಿಕೊಟ್ಟಿದ್ದೆ. ಸೊಸೆ ಅದನ್ನು ಕರವಸ್ತ್ರದಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಯಜಮಾನರ ಮುಖ ಬಿಸಿಲುಂಡ ಕಂದು, ಮೂಗು ಮಾತ್ರ ಬಿಳಿಚಿಕೊಂಡಿತ್ತು.

"ವಾಸನೆ ಬರ್ತಿತ್ತು ಡಾಕ್ಟ್ರೇ. ಬಾವಿಗೆ ಹಾಕೋ ಬ್ಲೀಚಿಂಗ್ ಪೌಡರ್ ನೀರಲ್ಲಿ ದಿನಾ ರಾತ್ರಿ ನೆನೆಸಿಡ್ತಿದ್ದೆ" ಎಂದರು ಸೊಸೆ.

ತಪ್ಪು ನನ್ನದು. "ದಿನಾ ತೊಳೀರಿ" ಎಂದಷ್ಟೇ ಹೇಳಿ ಕಳಿಸಿದ್ದೆ. ಯಾವುದರಲ್ಲಿ, ಎಷ್ಟು ಹೊತ್ತು ಎಂದು ಹೇಳಿರಲಿಲ್ಲ. ಅವರ ಭಯ ಸರಿಯಾದದ್ದೇ. ಮೂಗಿನ ಒಳಮೈ ಸದಾ ಒದ್ದೆ, ಬೆವರು ಮತ್ತು ಅಂಟು ಬೇರೆ. ಅಲ್ಲಿ ಕ್ಯಾಂಡಿಡಾ ಶಿಲೀಂಧ್ರ ಸುಲಭವಾಗಿ ನೆಲೆಯೂರುತ್ತದೆ.

ಭೂತಗನ್ನಡಿಯಲ್ಲಿ ನೋಡಿದೆ. ಚರ್ಮದಡಿಯ ನವಿರಾದ ರಕ್ತನಾಳ ಕಂಡ ಹಾಗಿರಲಿ ಎಂದು ನಾವು ಸಿಲಿಕೋನ್‌ಗೆ ಕೆಂಪು ರೇಯಾನ್ ನಾರಿನ ಚೂರು ಬೆರೆಸುತ್ತೇವೆ. ಮೇಲ್ಪದರದ ಆ ನಾರುಗಳು ಬೆಳ್ಳಗಾಗಿದ್ದವು. ಕ್ಲೋರಿನ್ ಬಟ್ಟೆಯ ಬಣ್ಣ ತೆಗೆಯುವ ಹಾಗೆ ಇದರ ಬಣ್ಣವನ್ನೂ ತೆಗೆದಿತ್ತು. ಸಿಲಿಕೋನ್ ಹರಿದಿರಲಿಲ್ಲ. ಆದರೆ ಕೆನ್ನೆಗೆ ಕೂರುವ ತೆಳ್ಳನೆಯ ಅಂಚು ಮೊದಲಿನಷ್ಟು ಮೆತ್ತಗಿರಲಿಲ್ಲ.

ಹೊಸದು ಮಾಡುವಾಗ ಉಳಿದ ಸಿಲಿಕೋನ್‌ನಲ್ಲಿ ನಾಣ್ಯದಷ್ಟು ಬಿಲ್ಲೆಗಳನ್ನು ಮಾಡಿ, ಪ್ರತಿಯೊಂದನ್ನೂ ಅರ್ಧಕ್ಕೆ ಕತ್ತರಿಸಿದೆ. ಒಂದರ್ಧ ಕತ್ತಲ ಡ್ರಾಯರಿಗೆ, ಇನ್ನೊಂದರ್ಧ ಪರೀಕ್ಷೆಗೆ. ಎರಡು ತಿಂಗಳು ದಿನಾ 10 ನಿಮಿಷ ನೆನೆಸಿದೆ: ಸೌಮ್ಯ ಸೋಪಿನ ನೀರು, ಸೋಂಕುನಾಶಕ ದ್ರಾವಣವಾದ 4% ಕ್ಲೋರ್‌ಹೆಕ್ಸಿಡಿನ್, 1% ಹೈಪೋಕ್ಲೋರೈಟ್ ಅಂದರೆ ಬ್ಲೀಚ್ ದ್ರಾವಣ. ಆಮೇಲೆ ಕಿಟಕಿ ಬೆಳಕಲ್ಲಿ ಅರ್ಧಗಳನ್ನು ಜೋಡಿಸಿ ನೋಡಿದೆ. ಹೈಪೋಕ್ಲೋರೈಟಿನದ್ದು ಎಲ್ಲಕ್ಕಿಂತ ಜಾಸ್ತಿ ಮಂಕಾಗಿತ್ತು. ಸೋಪಿನದ್ದು ಹೆಚ್ಚುಕಡಿಮೆ ಜೊತೆಯ ಅರ್ಧದ ಹಾಗೇ ಇತ್ತು. ಕ್ಲೋರ್‌ಹೆಕ್ಸಿಡಿನ್ ಬಿಲ್ಲೆಯಲ್ಲಿ ಬಣ್ಣದ ವ್ಯತ್ಯಾಸ ಅಲ್ಪ. ಇದು ನನ್ನ ಮೇಜಿನ ಮೇಲಿನ ಪರೀಕ್ಷೆ ಅಷ್ಟೇ, ಆದರೂ ರೋಗಿಗಳಿಗೆ ತೋರಿಸಲು ಸಾಕಾಗುತ್ತದೆ.

ಬೇರೊಂದು ಬಿಲ್ಲೆಯನ್ನು ಟೂತ್‌ಬ್ರಷ್ಷಿನಲ್ಲಿ ದಿನಾ ಉಜ್ಜಿದ್ದೆ. ಮೇಲೆ ಹಚ್ಚಿದ್ದ ಬಣ್ಣವೇ ಕಿತ್ತು ಬಂತು!

ಈಗ ನಾನು ಹೇಳುವುದು ಇಷ್ಟು: ದಿನಾ ಸೋಪಿನ ನೀರು, ಬೆರಳ ತುದಿಯಲ್ಲಿ. ವಾಸನೆ ಬಂದಾಗ ಅಥವಾ ವಾರಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್, ಆಮೇಲೆ ಚೆನ್ನಾಗಿ ತೊಳೆಯಿರಿ. ಇದನ್ನು ಬ್ಲೀಚಿನ ಜೊತೆ ಮಾತ್ರ ಸೇರಿಸಲೇಬೇಡಿ. ಎರಡೂ ಕೂಡಿದರೆ ಕಂದು ಗಷ್ಟು ಬೀಳುತ್ತದೆ, ಹಲ್ಲಿನ ಡಾಕ್ಟರುಗಳಿಗೆಲ್ಲ ಇದು ಗೊತ್ತು. ಕೃತಕ ಕಣ್ಣಿದ್ದವರು ಸ್ಪಿರಿಟ್ ಮುಟ್ಟಿಸಬೇಡಿ. ಆ ಕಣ್ಣಿನ ಅಕ್ರಿಲಿಕ್ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಬಿರುಕು ಬರುತ್ತದೆ.

ಹೊಸ ಮೂಗು ಕೊಡುವ ದಿನ ಸೊಸೆಯ ಕೈಯಲ್ಲೇ ತೊಳೆಸಿದೆ. ಅವರು ಕೇಳಿದರು: "ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಬಹುದಾ?" ಬೇಡಮ್ಮ, ಹೊಗೆಯೂ ಹಿಡಿಯುತ್ತೆ, ಬಿಸಿಯೂ ತಾಗುತ್ತೆ ಎಂದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ತೇವ ತೆಗೆದು, ಬೆಳಗ್ಗೆವರೆಗೆ ತೆರೆದ ಡಬ್ಬಿಯಲ್ಲಿ ನೆರಳಲ್ಲಿಡಲು ಹೇಳಿದೆ. ಅವರು ಅಂಚನ್ನು ಎರಡು ಬೆರಳಿನಲ್ಲಿ ಹಿಡಿಯದೆ, ಅಂಗೈ ಮೇಲೆ ಇಟ್ಟುಕೊಂಡು ಮಾವನಿಗೆ ಕೊಟ್ಟರು.