ಹೊಂಡಕ್ಕೊಂದು ಮಡು: ಬೇಸಿಗೆಯಲ್ಲಿ ಗೆಂಡೆ ಮರಿ ಬೆಳೆಸಿದ ನನ್ನ ಅನುಭವ

ಏಪ್ರಿಲ್‌ನಲ್ಲಿ ಹೊಂಡಕ್ಕೆ ಗೆಂಡೆ ಮೀನಿನ ಮರಿ ಬಿಡಬೇಡಿ ಎಂದು ಮಾಗಡಿ ರಸ್ತೆಯ ಗೆಳೆಯರೆಲ್ಲ ಹೇಳಿದ್ದರು. ಅರ್ಕಾವತಿ ಹೊಳೆಯ ನೀರು ಮೊದಲಿನ ಹಾಗೆ ತಣ್ಣಗಿಲ್ಲ, ಬೇಸಿಗೆ ಮರಿ ಕೈಗೆ ಹತ್ತಲ್ಲ ಅನ್ನೋದು ಅವರ ಮಾತು. ಈ ಸಲ ನನಗೆ ಹತ್ತಿತು. ನೂರಕ್ಕೆ ಅರವತ್ತರ ಮೇಲೆ ಉಳಿದವು. ಜೂನ್ ಕೊನೆಗೆ ಬೆರಳುದ್ದ ಆಗಿದ್ದವು.

ಕಾಟ್ಲಾ, ರೋಹು ಮೀನು ಮೊಟ್ಟೆಯಿಡಲು ಮಳೆಗೆ ಕಾಯುತ್ತವೆ. ಸಾಮಾನ್ಯ ಗೆಂಡೆಯ ಮರಿ ಬೇಸಿಗೆಗೆ ಮುಂಚೆಯೇ ಸಿಗುತ್ತದೆ. ಕೆರೆ ತುಂಬುವ ಹೊತ್ತಿಗೆ ಎಲ್ಲರೂ ದೊಡ್ಡ ಮರಿ ಹುಡುಕುತ್ತಾರೆ. ಮೂವತ್ತು, ನಲವತ್ತು ಪೈಸೆಗೆ ತಂದ ಫ್ರೈ, ಅಂದರೆ ಎಳೆ ಮರಿ, ಬೆಳೆದು ಆಗ ಒಂದೂವರೆ ರೂಪಾಯಿ ದಾಟುತ್ತದೆ. ಅದಕ್ಕೇ ನಾನು ಬೇಸಿಗೆಯ ಆಸೆ ಕೈಬಿಡಲಿಲ್ಲ.

ಮೊದಮೊದಲು ದುಡ್ಡು ಹೋಗಿದ್ದೇ ಜಾಸ್ತಿ. ಹತ್ತು ಗುಂಟೆ ಹೊಂಡಕ್ಕೆ ಪೂರ್ತಿ ಶೇಡ್ ನೆಟ್ ಕಟ್ಟಿಸಿದೆ, ಇಪ್ಪತ್ತೈದು ಸಾವಿರದ ಸುತ್ತ ಆಯಿತು. ನೀರು ಎರಡು ಡಿಗ್ರಿ ಇಳಿಯಿತು ನಿಜ. ಆದರೆ ನೀರಿನ ಹಸಿರು ಪಾಚಿ ಹೋಯಿತು, ಹಸಿರಿನ ಹಿಂದೆ ಮರಿ ತಿನ್ನುವ ಸಣ್ಣ ಹುಳವೂ ಹೋಯಿತು, ಮರಿ ಸೊರಗಿದವು. ಮುಂದಿನ ವರ್ಷ ಬೋರ್‌ವೆಲ್ ನೀರು ನೇರವಾಗಿ ಬಿಟ್ಟೆ. ತಂಪಿಗೆ ಪೈಪಿನ ಬಾಯಿಗೆ ಮುತ್ತಿದ ಮರಿ ಅಲ್ಲೇ ಸತ್ತವು. ಆಳದ ನೀರಲ್ಲಿ ಆಮ್ಲಜನಕ ಎಲ್ಲಿರುತ್ತದೆ? ಮೇವು ಹೆಚ್ಚಿಸಿದರೆ ಬೆಳೆಯುತ್ತವೆ ಎಂದು ಒಬ್ಬರು ಹೇಳಿದರು. ಕಡ್ಲೆಕಾಯಿ ಹಿಂಡಿ ತಳದಲ್ಲಿ ಕೊಳೆತು, ಬೆಳಗಿನ ಜಾವ ಮರಿಗಳೆಲ್ಲ ಬಾಯಿ ತೆರೆದು ಮೇಲೆ ಬಂದವು.

ದಾರಿ ತೋರಿಸಿದ್ದು ಹೊಳೆ. ಮಂಚನಬೆಲೆ ಅಣೆಕಟ್ಟೆಯ ಕೆಳಗೆ ಎರಡು ಹಾಪಾ, ಅಂದರೆ ಮರಿ ಸಾಕುವ ಬಲೆಯ ತೊಟ್ಟಿ, ಕಟ್ಟಿದ್ದೆ. ಒಂದು ಹೊಂಗೆ ಮರದ ನೆರಳಿನ ಮಡುವಿನಲ್ಲಿ, ಇನ್ನೊಂದು ಬಿಸಿಲು ಬೀಳುವ ತೆಳು ನೀರಲ್ಲಿ. ಜನವರಿಯಲ್ಲಿ ಬಿಸಿಲಿನ ಮರಿಯೇ ಮುಂದೆ. ಏಪ್ರಿಲ್‌ನಲ್ಲಿ ತಿರುಗುಮುರುಗು: ಮಡುವಿನವು ಹೆಚ್ಚುಕಡಿಮೆ ಒಂದೂವರೆ ಪಟ್ಟು ತೂಗಿದವು. ಇಪ್ಪತ್ತೆಂಟು, ಮೂವತ್ತು ಡಿಗ್ರಿವರೆಗೆ ಬಿಸಿ ಮರಿಗೆ ಒಳ್ಳೆಯದೇ. ಮೂವತ್ತಮೂರು ದಾಟಿದರೆ ತಿಂದಿದ್ದೆಲ್ಲ ಉಸಿರಾಟಕ್ಕೇ ಖರ್ಚು. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಎತ್ತರದಲ್ಲಿದೆ. ಅಷ್ಟೇ ಬಿಸಿಯ ಮಂಗಳೂರಿನ ನೀರಿಗಿಂತ ನಮ್ಮಲ್ಲಿ ಆಮ್ಲಜನಕ ಹತ್ತನೇ ಒಂದು ಪಾಲು ಕಡಿಮೆ. ಪುಸ್ತಕದ ಲೆಕ್ಕ ಇಟ್ಟುಕೊಂಡವರಿಗೆ ಇಲ್ಲೇ ಏಟು ಬೀಳುತ್ತದೆ.

ಇಡೀ ಹೊಂಡ ತಣ್ಣಗಾಗಬೇಕಿಲ್ಲ. ಒಂದು ಮಡು ಇದ್ದರೆ ಸಾಕು, ಮರಿ ತಾವೇ ಹುಡುಕಿಕೊಂಡು ಹೋಗುತ್ತವೆ. ಪಡುವಣ ಮೂಲೆಯಲ್ಲಿ ಏಳಡಿ ಅಗೆಸಿದೆ. ಹಳೇ ನೆಟ್ ಕತ್ತರಿಸಿ ಆ ಮೂಲೆಗಷ್ಟೇ ಕಟ್ಟಿದೆ. ಉಳಿದ ಕಡೆ ಬಿಸಿಲು, ಹಸಿರು, ಹುಳ ಎಲ್ಲ ಹಾಗೇ ಇರಲಿ. ಮಧ್ಯಾಹ್ನ ಬೋರ್ ನೀರನ್ನು ತೂತಿನ ತಗಡಿನ ಮೇಲಿಂದ ಮಳೆಯ ಹಾಗೆ ಬೀಳಿಸಿ ಮೂಲೆಗೆ ಬಿಟ್ಟೆ. ತಣ್ಣೀರು ಭಾರ, ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮೂರು ಗಂಟೆಗೆ ಮೇಲೆ ಮೂವತ್ತನಾಲ್ಕು ಇದ್ದರೆ ಮೂಲೆಯ ತಳದಲ್ಲಿ ಇಪ್ಪತ್ತೊಂಬತ್ತು. ತೂತು ಎಷ್ಟು ದಪ್ಪ, ತಗಡು ಎಷ್ಟು ಎತ್ತರ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ಬೇಸಿಗೆ ಸುರಿದಿದ್ದೇನೆ.

ಮೇವು ಅರ್ಧಕ್ಕಿಳಿಸಿದೆ. ಬೆಳಿಗ್ಗೆ ಎಂಟಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ. ಆಮೇಲೆ ಒಂದು ಹಿಡಿಯೂ ಇಲ್ಲ. ನಡುರಾತ್ರಿಯಿಂದ ನೀರಿಗೆ ಗಾಳಿ ಬೆರೆಸುವ ಏರೇಟರ್. ನೀರ ಮೇಲೆ ತೇಲುವ ಅಂತರಗಂಗೆ ಗಿಡ ಬಿಟ್ಟು ಪುಕ್ಕಟೆ ನೆರಳು ಮಾಡೋಣ ಎಂದೂ ನೋಡಿದೆ. ನೆರಳು ಚೆನ್ನ, ಆದರೆ ಹದಿನೈದು ದಿನದೊಳಗೆ ಅರ್ಧ ಹೊಂಡ ತುಂಬಿ ಬೆಳಗಿನ ಆಮ್ಲಜನಕ ಬಿತ್ತು. ಕಿತ್ತೆಸೆದೆ.

ಲೆಕ್ಕ ಬಾಯಿಂದಲೇ ಹೇಳ್ತೀನಿ. ಮರಿಗೆ ಹತ್ತು ಸಾವಿರ, ಮೇವು ಕರೆಂಟು ಸೇರಿ ಏಳೆಂಟು ಸಾವಿರ. ಬಂದಿದ್ದು ಮೂವತ್ತು ಸಾವಿರದ ಹತ್ತಿರ. ನೆಟ್ಟಿನ ದುಡ್ಡು ಇನ್ನೂ ಪೂರ್ತಿ ತೀರಿಲ್ಲ, ಮುಂದಿನ ಬೇಸಿಗೆಗೆ ತೀರುತ್ತದೆ. ಬೇಡ ಎಂದವರಲ್ಲಿ ಇಬ್ಬರು ನನ್ನ ಮರಿಯನ್ನೇ ಒಯ್ದರು. ಒಬ್ಬರು ಈಗಾಗಲೇ ಮೂಲೆ ಅಗೆಸುತ್ತಿದ್ದಾರೆ.