ಕಸಿಯಾದ ಮೇಲೆ ಅಂಗವಿಕಲ ಕಾರ್ಡು, ಮಾಸಾಶನ ಕೈತಪ್ಪದಂತೆ ನೋಡಿಕೊಳ್ಳುವುದು

ಕಿಡ್ನಿ ಕಸಿ ಮಾಡಿಸಿಕೊಂಡವರು ಕಾರ್ಡು ನವೀಕರಣಕ್ಕೆ ಹೋಗುವಾಗ ಒಯ್ಯುವ ಕಡತದಲ್ಲಿ ಬರೀ ಕಿಡ್ನಿಯ ಕಾಗದಗಳೇ ಇರುತ್ತವೆ. ಕೆಲಸ ಕೆಡುವುದೇ ಅಲ್ಲಿಂದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಥಲಸ್ಸೇಮಿಯ, ಹಿಮೋಫಿಲಿಯ, ಪಾರ್ಕಿನ್ಸನ್ಸ್ ಅದರಲ್ಲಿವೆ. ಕಿಡ್ನಿ ವೈಫಲ್ಯ ಇಲ್ಲ, ಕಸಿಯೂ ಇಲ್ಲ. ನಿಮ್ಮ ಹಳೆಯ ಕಾರ್ಡು ಸಿಕ್ಕಿದ್ದು ಸಕ್ಕರೆ ಕಾಯಿಲೆಗೆ ಮಂಜಾದ ಕಣ್ಣಿಗೋ, ಕತ್ತರಿಸಿದ ಪಾದಕ್ಕೋ, ಕಿಡ್ನಿ, ಕಿವಿ ಎರಡನ್ನೂ ಕೆಡಿಸುವ ಆಲ್‌ಪೋರ್ಟ್ ಎಂಬ ಕಾಯಿಲೆಯಿದ್ದವರಾದರೆ ಕೇಳದ ಕಿವಿಗೋ ಇರಬೇಕು. ಹೊಸ ಕಿಡ್ನಿ ಬಂದರೆ ಇವು ಯಾವುವೂ ವಾಪಸು ಬರುವುದಿಲ್ಲ. ವೈಕಲ್ಯದ ಶೇಕಡಾ ನಿಗದಿ ಮಾಡುವ ವೈದ್ಯಕೀಯ ಮಂಡಳಿಯ ಮುಂದೆ, ಕಿಡ್ನಿಯ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಅಂಕಿ 1.2ಕ್ಕೆ ಇಳಿದಿದೆ ಎಂಬ ರಿಪೋರ್ಟನ್ನು ಮೇಲಿಟ್ಟು ಕಣ್ಣಿನ ಕಾಗದವನ್ನು ಮನೆಯಲ್ಲಿ ಬಿಟ್ಟು ಹೋದರೆ, ಅವರಿಗೆ ಕಾಣುವುದು ಗುಣವಾದ ರೋಗಿ ಮಾತ್ರ.

ಮೊದಲು ಪ್ರಮಾಣಪತ್ರವನ್ನು ಸರಿಯಾಗಿ ಓದಿ. ಮೂರು ಸಂಗತಿ ನೋಡಬೇಕು: ಯಾವ ವೈಕಲ್ಯ, ಎಷ್ಟು ಶೇಕಡಾ, ಶಾಶ್ವತವೋ ತಾತ್ಕಾಲಿಕವೋ. ಶಾಶ್ವತ ಎಂದಿದ್ದರೆ ಕಸಿಯಾಯಿತೆಂಬ ಕಾರಣಕ್ಕೆ ನೀವಾಗಿಯೇ ಮರುತಪಾಸಣೆಗೆ ಹೋಗಬೇಕಿಲ್ಲ. ತಾತ್ಕಾಲಿಕವಾದರೆ ಅವಧಿ ಮುಗಿಯುವ ಆರು ತಿಂಗಳು ಮುಂಚೆಯೇ ಕೆಲಸ ಶುರುಮಾಡಿ. 2024ರ ತಿದ್ದುಪಡಿಯಂತೆ ಪ್ರಮಾಣಪತ್ರ ಕೊಡಲು ಮಂಡಳಿಗೆ ಮೂರು ತಿಂಗಳ ಸಮಯವಿದೆ. ನೀವು ಕೊನೇ ವಾರದಲ್ಲಿ ಅರ್ಜಿ ಹಾಕಿದರೆ ನಡುವಿನ ತಿಂಗಳುಗಳಲ್ಲಿ ಕೈಯಲ್ಲಿ ಸಿಂಧುವಾದ ಕಾಗದವೇ ಇರುವುದಿಲ್ಲ. ಕಾರ್ಡಿನ ಬಣ್ಣವನ್ನೂ ಗಮನಿಸಿ: ಬಿಳಿ ಎಂದರೆ ಶೇ 40ಕ್ಕಿಂತ ಕಡಿಮೆ, ಹಳದಿ 40ರಿಂದ 80ರೊಳಗೆ, ನೀಲಿ 80 ಮತ್ತು ಮೇಲೆ. ಬಹುತೇಕ ಸೌಲಭ್ಯಗಳ ಹೊಸ್ತಿಲು 40.

ಆ ಹೊಸ್ತಿಲಲ್ಲಿ ಜಾರುವವರು ಬಹಳ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದರ ದೃಷ್ಟಿ 6/18 (ಸರಿಯಾದ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಕಾಣುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಸಿಗುವುದು ಶೇ 30, ಅಷ್ಟೇ. ಅಳೆಯುವುದು ಕನ್ನಡಕ ಹಾಕಿದ ಮೇಲಿನ ದೃಷ್ಟಿಯನ್ನು, ಹಾಗಾಗಿ ಕನ್ನಡಕ ಬಿಟ್ಟುಹೋಗಿ ಲಾಭವಿಲ್ಲ. ಆದರೆ ಎರಡು ವೈಕಲ್ಯಗಳಿದ್ದರೆ ಒಟ್ಟುಗೂಡಿಸುವ ಲೆಕ್ಕವಿದೆ. 90ರಿಂದ ದೊಡ್ಡ ಅಂಕಿಯನ್ನು ಕಳೆಯಿರಿ, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ, ಅದನ್ನು ದೊಡ್ಡ ಅಂಕಿಗೆ ಸೇರಿಸಿ. ಕಣ್ಣಿಗೆ 30, ಕಾಲಿಗೆ 15 ಬಂದರೆ ಮೊತ್ತ 45 ಅಲ್ಲ, ಸರಿಯಾಗಿ 40. ಕಾಲಿನ ಆ 15 ಇಲ್ಲದಿದ್ದರೆ ಮಾಸಾಶನವೂ ಇಲ್ಲ.

ಕಸಿಯ ನಂತರ ಹೊಸದಾಗಿ ಹುಟ್ಟಿಕೊಂಡ ತೊಂದರೆಗಳನ್ನು ತೋರಿಸುವುದು ಇದೇ ಕಾರಣಕ್ಕೆ ಮುಖ್ಯ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯದೆ ಅದು ಕುಸಿಯುವುದುಂಟು. ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಕೂರಲಾಗದಿರುವುದು ಇದರ ಲಕ್ಷಣ. ಎಂಆರ್‌ಐ ಮಾಡಿಸಿ ಮೂಳೆ ತಜ್ಞರ ಬರಹ ಪಡೆಯಿರಿ. ಅದೇ ಮಾತ್ರೆಯಿಂದ ಬಂದ ಕಣ್ಣಿನ ಪೊರೆಗೆ ಮಾತ್ರ ಅಂಕ ನೆಚ್ಚಿಕೊಳ್ಳಬೇಡಿ, ಆಪರೇಷನ್ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ.

ಕಸಿ ಮಾಡಿದ ಆಸ್ಪತ್ರೆಯಿಂದ ಒಂದು ಪತ್ರ ಬೇಕು. "ರೋಗಿ ಆರೋಗ್ಯವಾಗಿದ್ದಾರೆ" ಎಂಬ ಒಂದೇ ಸಾಲಿನ ಪತ್ರ ಇಲ್ಲದಿರುವುದೇ ಮೇಲು. ಮೂಲ ಕಾಯಿಲೆ ಯಾವುದು, ಕಸಿಯ ದಿನಾಂಕ, ಜೀವನಪರ್ಯಂತ ತೆಗೆದುಕೊಳ್ಳಬೇಕಾದ ಮಾತ್ರೆಗಳು, ಕಸಿಯಿಂದ ಸರಿಹೋಗದ ಅಂಗನಷ್ಟ ಯಾವುದು, ಅದು ಮುಂದೆ ಸುಧಾರಿಸುವ ಸಂಭವವಿದೆಯೇ ಇಲ್ಲವೇ, ಇಷ್ಟನ್ನು ಬರೆಸಿ. ಕೊನೆಯ ಮಾತು ಇದ್ದರೆ ಶಾಶ್ವತ ಪ್ರಮಾಣಪತ್ರ ಕೇಳಲು ಆಧಾರವಾಗುತ್ತದೆ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ. ಹೊಸ ಅರ್ಜಿ ಹಾಕಬೇಡಿ, ಹಳೆಯ ಯುಡಿಐಡಿ (ಅಂಗವಿಕಲ ಕಾರ್ಡಿನ ಮೇಲಿರುವ ಗುರುತಿನ) ಸಂಖ್ಯೆಯಲ್ಲೇ ನವೀಕರಣ ಆಯ್ದುಕೊಳ್ಳಿ. ಎರಡು ಅರ್ಜಿಗಳಾದರೆ ಗೋಜಲು. ಆಧಾರ್‌ನಲ್ಲಿರುವ ಹೆಸರಿಗೂ ಹಳೆಯ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಮೊದಲೇ ತಿದ್ದಿಸಿ. ಒಬ್ಬರೇ ಆಗುವುದಿಲ್ಲ ಎಂದಾದರೆ ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಈ ಕೆಲಸ ಅವರದೇ. ಅರ್ಜಿ ತೀರ್ಮಾನವಾಗದೆ ಎರಡು ವರ್ಷ ಕೊಳೆತರೆ ನಿಷ್ಕ್ರಿಯವಾಗುತ್ತದೆ.

ಮಂಡಳಿಯ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೊರಡುವ ಮುಂಚೆ ಕಣ್ಣು, ಮೂಳೆ, ಕಿವಿ ವಿಭಾಗಗಳ ತಪಾಸಣೆ ಯಾವ ದಿನವೆಂದು ಫೋನಿನಲ್ಲಿ ಕೇಳಿಕೊಳ್ಳಿ. ಎರಡು ವಿಭಾಗಗಳಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತದೆಂದು ನಂಬಬೇಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರು ಹೊರರೋಗಿ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ಒಳ್ಳೆಯದಲ್ಲ: ಮಾಸ್ಕ್ ಹಾಕಿ, ಚೀಟಿಯ ಸಾಲಿಗೆ ಜೊತೆಗಿದ್ದವರನ್ನು ನಿಲ್ಲಿಸಿ. ಅಂಥ ಮಾತ್ರೆಯಾದ ಟ್ಯಾಕ್ರೋಲಿಮಸ್ 12 ಗಂಟೆಗೊಮ್ಮೆ ತಪ್ಪಬಾರದು, ಸಂಜೆಯದೂ ಚೀಲದಲ್ಲಿರಲಿ. ದಾರಿಯಲ್ಲಿ ಚಕ್ಕೋತ ಹಣ್ಣು ಮಾತ್ರ ಬೇಡ, ರಕ್ತದಲ್ಲಿ ಆ ಮಾತ್ರೆಯ ಮಟ್ಟವನ್ನು ಏರಿಸುತ್ತದೆ. ಮಳೆಗಾಲವಾದರೆ ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.

ಕಾರ್ಡು ಉಳಿದೂ ಮಾಸಾಶನ ನಿಲ್ಲುವುದುಂಟು. ಕಸಿಯಾದವರು ಮೊದಲ ಕೆಲವು ತಿಂಗಳು ಆಸ್ಪತ್ರೆಯ ಹತ್ತಿರ ಬಾಡಿಗೆ ಮನೆಯಲ್ಲಿರುತ್ತಾರೆ. ಅದೇ ಹೊತ್ತಿಗೆ ಊರಲ್ಲಿ ಪರಿಶೀಲನೆ ನಡೆದರೆ "ವಿಳಾಸದಲ್ಲಿ ಇಲ್ಲ" ಎಂದು ದಾಖಲಾಗಬಹುದು. ಹೊರಡುವ ಮೊದಲೇ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ನಕಲಿನ ಮೇಲೆ ಸಹಿ ಪಡೆಯಿರಿ. ಇನ್ನೊಂದು ಕಾರಣ ಬ್ಯಾಂಕು. ಬೆಂಗಳೂರಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರೆ ಹಣ ಅಲ್ಲಿಗೆ ಹೋಗಿರುತ್ತದೆ, ಊರಿನ ಪಾಸ್‌ಬುಕ್ ನೋಡಿ ನಿಂತಿತೆಂದು ಗಾಬರಿಯಾಗುತ್ತೀರಿ.

ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸು ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ. ತೀರ್ಥಹಳ್ಳಿಯವರಿಗೆ ಮಣಿಪಾಲ ಈ ಮಿತಿಯೊಳಗೆ ಸಿಗುತ್ತದೆ, ಬೆಂಗಳೂರು ಮಲೆನಾಡಿನ ಯಾರಿಗೂ ಸಿಗದು. ಮಲೆನಾಡಿನ ಹಲವು ದಾರಿಗಳಲ್ಲಿ ಓಡುವ ಖಾಸಗಿ ಬಸ್ಸಿನಲ್ಲಿ ಈ ಪಾಸು ನಡೆಯುವುದಿಲ್ಲ. ಆದಾಯ ತೆರಿಗೆ ಕಟ್ಟುವವರಿಗೆ ಹಳೆಯ ಪದ್ಧತಿಯಲ್ಲಿ ಶೇ 40ಕ್ಕೆ 75,000, ಶೇ 80ಕ್ಕೆ 1,25,000 ರೂಪಾಯಿ ಕಡಿತವಿದೆ. ತಾತ್ಕಾಲಿಕ ಪ್ರಮಾಣಪತ್ರದ ಅವಧಿ ತೀರಿದ ವರ್ಷದ ನಂತರ ಹೊಸದಿಲ್ಲದೆ ಕೇಳುವಂತಿಲ್ಲ.

ಮಂಡಳಿ ಶೇಕಡಾ ಇಳಿಸಿದರೆ ಅಥವಾ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ತೀರ್ಮಾನದ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಅಲ್ಲಿ ಕಿಡ್ನಿಯ ಕಷ್ಟವನ್ನು ಮತ್ತೆ ವಿವರಿಸುವುದಕ್ಕಿಂತ, ಯಾವ ಅಂಗವನ್ನು ಅಳೆಯದೆ ಬಿಟ್ಟರು ಅಥವಾ ಯಾವ ಅಂಕಿಯನ್ನು ಕೂಡಿಸಲಿಲ್ಲ ಎಂಬುದನ್ನು ರಿಪೋರ್ಟಿನ ದಿನಾಂಕ ಸಮೇತ ಬರೆಯಿರಿ.